ನಿಯಮ ಹದಿನಾಲ್ಕು: ಕೂತವರ ತಪ್ಪು

ಪೂಲ್ ಆಟದ ಮೇಜಿಗೆ ಆರು ಪಾಕೆಟ್‌ಗಳಿರುತ್ತವೆ, ಆಟದ ಸಂಘಕ್ಕೆ ಒಬ್ಬರು ಅಧ್ಯಕ್ಷರಿರುತ್ತಾರೆ, ಅಧ್ಯಕ್ಷರಿಗೆ ಒಬ್ಬ ಬಾಮೈದ ಇರುತ್ತಾನೆ. ಈ ಮೂರರಲ್ಲಿ ಮೊದಲನೆಯದು ಮಾತ್ರ ನಿಯಮಾವಳಿಯಲ್ಲಿದೆ. ಉಳಿದೆರಡನ್ನು ಬರೆದಿಡುವ ಅಗತ್ಯ ಯಾರಿಗೂ ಕಂಡಿಲ್ಲ.

ಆ ವರ್ಷದ ಪಂದ್ಯಾವಳಿಯ ಫೈನಲ್ ಒಂದು ಮಂಗಳವಾರ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ, ಅಂದರೆ ಹತ್ತು ಮುಕ್ಕಾಲಿಗೆ, ಶುರುವಾಯಿತು. ಒಂದು ಕಡೆ ಅಧ್ಯಕ್ಷರ ಬಾಮೈದ. ಜಮೀನು ಅಳೆಯುವ ಕಚೇರಿಯಲ್ಲಿ ನಲವತ್ತು ವರ್ಷ ಸರ್ವೆಯರ್ ಆಗಿದ್ದು ನಿವೃತ್ತರಾದವರು. ಇನ್ನೊಂದು ಕಡೆ ಟೈಲರಮ್ಮ.

ಟೈಲರಮ್ಮ ಆಟದ ಹುಚ್ಚಿಗೆ ಸಂಘ ಸೇರಿದವಳಲ್ಲ. ಸಂಘದ ಎರಡು ಮೇಜುಗಳ ಹಸಿರು ಬಟ್ಟೆ ಸವೆದಾಗ ಕಿತ್ತು ಹೊಸದು ಬಿಗಿಯುವುದು ಅವಳ ಕೆಲಸ. ಕೂಲಿ ಕೊಡುವ ಬದಲು ಸಂಘ ಅವಳಿಗೆ ಸದಸ್ಯತ್ವ ಕೊಟ್ಟಿತ್ತು. ಬಟ್ಟೆ ಬಿಗಿದ ಮೇಲೆ ಎಲ್ಲಾದರೂ ಸುಕ್ಕಿದೆಯೋ ಎಂದು ಚೆಂಡು ಉರುಳಿಸಿ ನೋಡಬೇಕು. ಹಾಗೆ ಉರುಳಿಸುತ್ತಾ ಉರುಳಿಸುತ್ತಾ ಆರು ವರ್ಷದಲ್ಲಿ ಅವಳಿಗೆ ಮೇಜಿನ ಯಾವ ಮೂಲೆಯಲ್ಲಿ ನೇಯ್ಗೆ ಎತ್ತ ಎಳೆಯುತ್ತದೆ, ಚೆಂಡು ಎಲ್ಲಿ ಮೂಗು ಮುರಿಯುತ್ತದೆ ಎಂಬುದೆಲ್ಲ ತನ್ನ ಅಂಗೈ ಗೆರೆಯಂತೆ ಗೊತ್ತಾಗಿಬಿಟ್ಟಿತ್ತು. ಆಡುವಾಗ ಅವಳು ಯೋಚಿಸುತ್ತಿರಲಿಲ್ಲ. ಕತ್ತರಿ ಹಿಡಿದು ಯೋಚಿಸುವವಳ ಕೈಗೆ ಯಾರೂ ಬಟ್ಟೆ ಕೊಡುವುದಿಲ್ಲ ಎಂದು ಅವಳಿಗೆ ಹೊಲಿಗೆ ಕಲಿಸಿದ ಅತ್ತೆಯೇ ಹೇಳಿಕೊಟ್ಟಿದ್ದಳು.

ಗೆದ್ದವರಿಗೆ ಬಹುಮಾನ ಕಪ್ಪು ಗಿಪ್ಪು ಅಲ್ಲ. ಸಂಘದ ಮುಂಬಾಗಿಲ ಪಕ್ಕದ ಕಿಟಕಿಯಿರುವ ಕೋಣೆ, ಒಂದು ವರ್ಷದ ಮಟ್ಟಿಗೆ, ಬಾಡಿಗೆಯಿಲ್ಲದೆ. ಟೈಲರಮ್ಮನ ಕಣ್ಣು ಆ ಕಿಟಕಿಯ ಮೇಲಿತ್ತು. ಮನೆಯಲ್ಲಿ ಅವಳ ಹೊಲಿಗೆ ಮೆಷಿನ್ನು ಅಡುಗೆಮನೆಯ ಕಟ್ಟೆಯ ಮೇಲೆ ಒಲೆಯ ಪಕ್ಕದಲ್ಲಿತ್ತು. ಒಲೆ ಹಚ್ಚುವಾಗ ಮೆಷಿನ್ ಇಳಿಸಬೇಕು, ಮೆಷಿನ್ ಏರಿಸುವಾಗ ಒಲೆ ಆರಿಸಬೇಕು. ಅವಳು ಹೊಲಿದ ಅಂಗಿ ಯಾವುದೆಂದು ಊರಿನಲ್ಲಿ ಯಾರು ಬೇಕಾದರೂ ಕಣ್ಣು ಮುಚ್ಚಿ ಹೇಳುತ್ತಿದ್ದರು. ಹುರಿದ ಈರುಳ್ಳಿಯ ವಾಸನೆ ಬರುತ್ತಿತ್ತು. ಒಬ್ಬ ಮದುಮಗ ಕೋಟು ವಾಪಸ್ ತಂದು ಕೊಟ್ಟಿದ್ದ.

ಸರ್ವೆಯರರಿಗೂ ಆ ಕೋಣೆ ಬೇಕಿತ್ತು. ಮನೆಯಲ್ಲಿ ನಾಲ್ಕು ಮೊಮ್ಮಕ್ಕಳು. ಮಧ್ಯಾಹ್ನದ ನಿದ್ದೆಗೆ ಜಾಗ ಇರಲಿಲ್ಲ.

ಆಟದ ಕ್ರಮ ಸುಲಭ. ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ಚೆಂಡುಗಳು. ಕೋಲಿನಿಂದ ಬಿಳಿ ಚೆಂಡನ್ನು ತಳ್ಳಿ ಅವನ್ನು ಅನುಕ್ರಮವಾಗಿ ಪಾಕೆಟ್‌ಗೆ ಹಾಕಬೇಕು. ತಪ್ಪುವವರೆಗೂ ಸರದಿ ನಿಮ್ಮದೇ. ಒಂಬತ್ತನೆಯದನ್ನು ಹಾಕಿದವರಿಗೆ ಆಟ. ಐದು ಆಟ ಗೆದ್ದವರಿಗೆ ಕೋಣೆ. ಟೈಲರಮ್ಮ ಹನ್ನೊಂದೂವರೆಯೊಳಗೆ ನಾಲ್ಕು ಆಟ ಗೆದ್ದಳು. ಐದನೆಯದರಲ್ಲೂ ಎಂಟು ಚೆಂಡು ಹಾಕಿ ಒಂಬತ್ತನೆಯದನ್ನು ತಳ್ಳಿದಳು. ಅದು ಹೋಗಿ ಪಾಕೆಟ್‌ನ ಬಾಯಲ್ಲಿ, ಹೊಸ್ತಿಲ ಮೇಲೆ ನಿಂತು ಒಳಗೆ ಬರಲೋ ಬೇಡವೋ ಎನ್ನುವ ನೆಂಟರ ಹಾಗೆ, ನಿಂತುಬಿಟ್ಟಿತು.

ಸರದಿ ಸರ್ವೆಯರರದಾಯಿತು. ಬಿಳಿ ಚೆಂಡು ನೇರಕ್ಕಿತ್ತು. ಉಫ್ ಎಂದರೆ ಒಂಬತ್ತು ಒಳಗೆ ಬೀಳುವಂತಿತ್ತು. ಟೈಲರಮ್ಮ ನಿಟ್ಟುಸಿರಿಟ್ಟು ಕಾಯುವವರ ಕುರ್ಚಿಯಲ್ಲಿ ಕೂತಳು.

ಸರ್ವೆಯರರು ಕೋಲಿನ ತುದಿಗೆ ನೀಲಿ ಸೀಮೆಸುಣ್ಣ ಹಚ್ಚಿದರು. ಮೇಜನ್ನು ಒಂದು ಸುತ್ತು ಬಂದರು. ಕನ್ನಡಕ ತೆಗೆದು ಒರೆಸಿದರು. ಜೇಬಿನಿಂದ ದಾರದ ಉಂಡೆ ತೆಗೆದು ಬಿಳಿ ಚೆಂಡಿನಿಂದ ಒಂಬತ್ತಕ್ಕೆ, ಒಂಬತ್ತರಿಂದ ಪಾಕೆಟ್‌ಗೆ ಎಳೆದು ಅಳೆದರು. ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಮತ್ತೆ ಇನ್ನೊಂದು ಸುತ್ತು, ಈ ಸಲ ಎಡದಿಂದ. ಹನ್ನೆರಡಾಯಿತು, ಒಂದಾಯಿತು. ನೋಡಲು ಬಂದಿದ್ದ ಇಪ್ಪತ್ತು ಜನರಲ್ಲಿ ಆರು ಜನ ಊಟಕ್ಕೆ ಹೋಗಿ, ಊಟ ಮಾಡಿ, ಬಂದು, ಅದೇ ಜಾಗದಲ್ಲಿ ಕೂತರು.

ಎರಡು ಗಂಟೆ ದಾಟಿದ ಮೇಲೆ ಹಿಂದಿನ ಬೆಂಚಿನಿಂದ ಟೈಲರಮ್ಮನ ಅತ್ತೆ ಎದ್ದು ನಿಂತಳು.

"ಏನ್ ಸ್ವಾಮಿ, ಆ ಚೆಂಡು ಮೊಟ್ಟೆ ಇಡುತ್ತೆ ಅಂತ ಕಾಯ್ತಿದೀರಾ?"

ಸರ್ವೆಯರರು ತಿರುಗಿ ನೋಡಲಿಲ್ಲ. "ಮೂರು ಸಲ ಅಳೀದೆ ನಾನು ಯಾವತ್ತೂ ಕಲ್ಲು ನೆಟ್ಟವನಲ್ಲಮ್ಮ," ಎಂದರು.

"ಗೊತ್ತು ಬಿಡಿ. ನಮ್ಮ ಹಿತ್ತಲು ಅಳೆಯೋಕೆ ಬಂದೋರು ನೀವೇ ಅಲ್ವಾ? ಅಳತೆ ಮುಗಿಯೋದ್ರೊಳಗೆ ನಮ್ಮೆಜಮಾನ್ರೇ ಮುಗಿದು ಹೋದ್ರು."

ಸಂಘದ ಕಾರ್ಯದರ್ಶಿ ಓಡಿ ಬಂದು, ಬಾಯಿಮಾತಿನ ದೂರನ್ನು ಸ್ವೀಕರಿಸಲಾಗುವುದಿಲ್ಲ, ವಿಳಂಬದ ದೂರಿದ್ದರೆ ಎರಡು ಪ್ರತಿಯಲ್ಲಿ ಬರೆದು ಕೊಡಬೇಕು ಎಂದು ವಿನಯದಿಂದ ತಿಳಿಸಿದರು. ಟೈಲರಮ್ಮ ಬರೆದು ಕೊಟ್ಟಳು. ಆಗ ಎರಡು ಗಂಟೆ ನಲವತ್ತೆರಡು ನಿಮಿಷ. ಆಟ ನಿಂತು ಸಮಿತಿ ಸೇರಿತು.

ಸಮಿತಿಯಲ್ಲಿ ಮೂವರು ಸದಸ್ಯರು. ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಎರಡು ವರ್ಷದ ಹಿಂದೆ ತೀರಿಕೊಂಡ ಖಜಾಂಚಿ. ಖಜಾಂಚಿಯವರ ರಾಜೀನಾಮೆ ಪತ್ರ ಇನ್ನೂ ಬಂದಿರಲಿಲ್ಲವಾದ್ದರಿಂದ ಅವರ ಕುರ್ಚಿಯನ್ನೂ ಹಾಕಲಾಯಿತು, ಚಹಾವನ್ನೂ ತರಿಸಲಾಯಿತು. ಅವರ ಪಾಲಿನ ಬಿಸ್ಕತ್ತನ್ನು ಅಧ್ಯಕ್ಷರು ತಿಂದರು.

ಕಾರ್ಯದರ್ಶಿ ನಿಯಮಾವಳಿ ತೆರೆದು ಗಟ್ಟಿಯಾಗಿ ಓದಿದರು: "ನಿಯಮ ಹದಿನಾಲ್ಕು. ಪಂದ್ಯವನ್ನು ವಿಳಂಬಗೊಳಿಸುವ ಆಟಗಾರರಿಂದ, ಪ್ರತಿ ಒಂದು ಗಂಟೆಯ ವಿಳಂಬಕ್ಕೆ ಒಂದರಂತೆ ಗೆದ್ದ ಆಟಗಳನ್ನು ಕಡಿತಗೊಳಿಸಿ, ಎದುರಾಳಿಗೆ ಕೊಡತಕ್ಕದ್ದು."

"ಸರಿಯಾಗೇ ಇದೆಯಲ್ಲ," ಎಂದಳು ಟೈಲರಮ್ಮ.

"ಸರಿಯಾಗೇ ಇದೆ," ಎಂದರು ಅಧ್ಯಕ್ಷರು. "ಆದರೆ ವಿಳಂಬ ಮಾಡಿದ್ದು ಯಾರು ಅಂತ ಹೆಂಗೆ ಗುರುತಿಸೋದು? ಅದನ್ನ ಹೇಳಿಲ್ಲ."

"ಕಣ್ಣಿಲ್ವಾ ಸಾರ್?"

"ಕಣ್ಣಿಂದ ಕಂಡದ್ದು ಸಾಕ್ಷಿ ಆಗಲ್ಲಮ್ಮ. ದಾಖಲೆ ಬೇಕು." ಅಧ್ಯಕ್ಷರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನಾನು ಮೂವತ್ತೊಂದು ವರ್ಷ ಕಚೇರಿ ನಡೆಸಿದೋನು. ಅಲ್ಲಿ ಒಂದೇ ಲೆಕ್ಕ. ನಾನು ಸುತ್ತು ಹಾಕ್ಕೊಂಡು ಬಂದಾಗ ಯಾರು ನಿಂತಿದಾರೋ, ಓಡಾಡ್ತಿದಾರೋ, ಅವರು ಕೆಲಸ ಮಾಡ್ತಿದಾರೆ. ಯಾರು ಸುಮ್ಮನೆ ಕೂತಿದಾರೋ ಅವರಿಂದ ಕೆಲಸ ನಿಂತಿದೆ. ಇದರಲ್ಲಿ ನಾನು ಒಂದು ಸಲಾನೂ ತಪ್ಪಿಲ್ಲ. ಎಷ್ಟೋ ಜನರ ಬಡ್ತಿ ನಿಲ್ಲಿಸಿದೀನಿ."

ಕಾರ್ಯದರ್ಶಿ ತಮ್ಮ ಟಿಪ್ಪಣಿ ನೋಡಿದರು. ಅವರು ಕೆಲಸದಲ್ಲಿ ಬಲು ಅಚ್ಚುಕಟ್ಟು. ಸರ್ವೆಯರರು ಕೂತಿದ್ದ ಸಮಯ, ಮೊದಲ ನಾಲ್ಕು ಆಟಗಳನ್ನೂ ಸೇರಿಸಿ, ನಲವತ್ತೈದು ನಿಮಿಷ. ಟೈಲರಮ್ಮ ಕೂತಿದ್ದ ಸಮಯ ಮೂರು ಗಂಟೆ ಹನ್ನೆರಡು ನಿಮಿಷ.

"ಅಯ್ಯೋ, ಅವರು ಆಡಲಿ ಅಂತ ತಾನೆ ನಾನು ಕೂತಿದ್ದು!"

"ಕಾರಣ ಎಲ್ಲರಿಗೂ ಇರುತ್ತಮ್ಮ," ಎಂದರು ಅಧ್ಯಕ್ಷರು ಮೃದುವಾಗಿ. "ನಮ್ಮ ಕಚೇರೀಲಿ ಕೂತವರೆಲ್ಲ ಹಂಗೇ ಹೇಳೋರು. ಇನ್ನೊಬ್ಬರು ಕಾಗದ ಕಳಿಸಲಿ ಅಂತ ಕಾಯ್ತಿದೀನಿ ಸಾರ್ ಅಂತ."

ತೀರ್ಮಾನವನ್ನು ಮತಕ್ಕೆ ಹಾಕಲಾಯಿತು. ಅಧ್ಯಕ್ಷರು ಕೈ ಎತ್ತಿದರು. ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿ ಕೈ ಎತ್ತಿದರು. ಖಜಾಂಚಿಯವರು ಆಕ್ಷೇಪಿಸಲಿಲ್ಲ. ಟೈಲರಮ್ಮನ ನಾಲ್ಕು ಆಟಗಳಲ್ಲಿ ಮೂರನ್ನು ಕಡಿತಗೊಳಿಸಿ ಸರ್ವೆಯರರಿಗೆ ಕೊಡಲಾಯಿತು. ಅವರು ಮೂರು, ಇವಳು ಒಂದು. ಸರದಿ ಇನ್ನೂ ಸರ್ವೆಯರರದೇ.

ಅವತ್ತು ಸಂಜೆ ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರೆ, ಟೈಲರಮ್ಮ ಮೆಷಿನ್ ಇಳಿಸಿ ಒಲೆ ಹಚ್ಚಿದಳು.

"ಬಿಟ್ಟುಬಿಡೆ ಅದನ್ನ," ಎಂದಳು ಅತ್ತೆ. "ಆ ಮನುಷ್ಯ ಆಡೋದ್ರೊಳಗೆ ನಿನ್ನ ಮಗಳಿಗೆ ಮದುವೆ ವಯಸ್ಸಾಗುತ್ತೆ."

"ಬಿಡಲ್ಲ ಅತ್ತೆ. ನಾಳೆ ನಿಂತ್ಕೋತೀನಿ. ಕೂತ್ರೆ ತಾನೆ ತಪ್ಪು?"

ಮರುದಿನ ಹತ್ತು ಗಂಟೆಗೆ ಅವಳು ಕುರ್ಚಿಯ ಪಕ್ಕದಲ್ಲಿ ನಿಂತಳು. ಹತ್ತೂಕಾಲಿಗೆ ಸರ್ವೆಯರರು ತಲೆಯೆತ್ತಿ, "ಭಾವ, ಯಾರೋ ನಿಂತಿದ್ರೆ ನಂಗೆ ನೆರಳು ಬೀಳುತ್ತೆ," ಎಂದರು. ನೆರಳು ಗೋಡೆಯ ಮೇಲೆ ಬೀಳುತ್ತಿತ್ತು. ಆದರೂ ಐದು ನಿಮಿಷದಲ್ಲಿ ಕಾರ್ಯದರ್ಶಿ ನಿಯಮ ಹದಿನೈದನ್ನು ಬರೆದು ಫಲಕಕ್ಕೆ ಅಂಟಿಸಿದರು: "ಸರದಿಯಲ್ಲಿಲ್ಲದ ಆಟಗಾರರು ಕಡ್ಡಾಯವಾಗಿ ಕೂತಿರತಕ್ಕದ್ದು."

"ಅಲ್ಲ ಸಾರ್, ಕೂತ್ರೆ ಹದಿನಾಲ್ಕು, ನಿಂತ್ರೆ ಹದಿನೈದು. ಮತ್ತೆ ನಾನೇನು ಗಾಳೀಲಿ ತೇಲ್ಲಾ?"

"ತೇಲೋದಕ್ಕೆ ನಿಯಮ ಇಲ್ಲ," ಎಂದು ಕಾರ್ಯದರ್ಶಿ ಪುಟ ತಿರುವಿ ಖಚಿತಪಡಿಸಿದರು.

ಅವಳು ಕೂತಳು. ಹನ್ನೊಂದು ಇಪ್ಪತ್ತಕ್ಕೆ ಅವಳ ಕೊನೆಯ ಆಟವೂ ಹೋಯಿತು. ಸರ್ವೆಯರರು ನಾಲ್ಕು, ಅವಳು ಸೊನ್ನೆ. ಸರ್ವೆಯರರು ಒಂದು ಸಲವೂ ಕೋಲನ್ನು ಚೆಂಡಿಗೆ ತಾಗಿಸದೆ ಸಂಘದ ಇತಿಹಾಸದಲ್ಲೇ ಅತ್ಯಂತ ವೇಗವಾಗಿ ಮುನ್ನಡೆ ಸಾಧಿಸಿದ ಆಟಗಾರರಾದರು ಎಂದು ಫಲಕದ ಮೇಲೆ ಬರೆಯಲಾಯಿತು.

"ಇನ್ನೊಂದು ಗಂಟೆ ಕೂತ್ರೆ ಅವರಿಗೆ ಐದಾಗುತ್ತೆ," ಎಂದರು ಕಾರ್ಯದರ್ಶಿ, ಸ್ವಲ್ಪ ಮುಜುಗರದಿಂದ. "ಆದರೆ ಸಾರ್, ಈಯಮ್ಮನ ಹತ್ರ ಕಡಿತ ಮಾಡೋಕೆ ಆಟಾನೇ ಉಳಿದಿಲ್ಲ."

"ಕಡಿತ ಮಾಡೋಕೆ ಇಲ್ಲದಿದ್ರೂ ಕೊಡೋಕೆ ತೊಂದರೆ ಇಲ್ಲ," ಎಂದರು ಅಧ್ಯಕ್ಷರು.

ಟೈಲರಮ್ಮ ಕಿಟಕಿಯ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದಳು. ಮನಸ್ಸಿನಲ್ಲಿ ಆ ಕಿಟಕಿಯ ಕೆಳಗೆ ಮೆಷಿನ್ ಇಟ್ಟು, ಬೆಳಕು ಎಡದಿಂದ ಬೀಳುವಂತೆ ತಿರುಗಿಸಿಯೂ ಆಗಿತ್ತು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಹಿಂದಿನ ಬೆಂಚಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ ಎದ್ದು ಹೋದಳು.

ಹನ್ನೆರಡು ಹತ್ತಕ್ಕೆ, ಅಂದರೆ ಹತ್ತು ನಿಮಿಷ ಉಳಿದಿದ್ದಾಗ, ಅತ್ತೆ ವಾಪಸ್ ಬಂದಳು. ಎರಡು ಬೀದಿ ದಾಟಿ, ಹೊಲಿಗೆ ಮೆಷಿನ್ನನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಂದಿದ್ದಳು. ಕೈಯಿಂದ ತಿರುಗಿಸುವ ಹಳೆಯ ಮೆಷಿನ್ನು. ಭಾರಕ್ಕೆ ಅವಳ ಮುಖ ಕೆಂಪಾಗಿತ್ತು. ಹೆಗಲಲ್ಲಿ ಅರ್ಧ ಹೊಲಿದ ಬಟ್ಟೆಗಳ ಚೀಲ.

"ತಗೋ. ಅವರ ಕಚೇರೀಲಿ ಸುಮ್ಮನೆ ಕೂತವರಿಗೆ ತಾನೆ ಶಿಕ್ಷೆ? ನೀನು ಸುಮ್ಮನೆ ಕೂರಬೇಡ."

ಸಣ್ಣ ಮೇಜೊಂದು ಬಂತು, ಅದರ ಮೇಲೆ ಮೆಷಿನ್ ಬಂತು. ಟೈಲರಮ್ಮ ಹಿಡಿ ತಿರುಗಿಸಿದಳು. ಹಾಲ್ ತುಂಬ ಕಟಕಟ ಸದ್ದು. ಆಟ ಮತ್ತೆ ನಿಂತು ಸಮಿತಿ ಸೇರಿತು.

ಈ ಸಲದ ಪ್ರಶ್ನೆ ಜಟಿಲವಾಗಿತ್ತು. ಕೂತು ಕೆಲಸ ಮಾಡುವವರನ್ನು ಕೂತವರೆಂದು ಪರಿಗಣಿಸಬೇಕೇ? ಅಧ್ಯಕ್ಷರು ಹೌದೆನ್ನಲು ಕೈ ಎತ್ತಿದರು. ಎತ್ತಿದಾಗ ಅವರ ಕೋಟಿನ ತೋಳಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿದ್ದುದು ಟೈಲರಮ್ಮನಿಗೆ ಕಂಡಿತು.

"ಸಾರ್, ಆ ಗುಂಡಿ ಬಿದ್ದುಹೋಗುತ್ತೆ. ಕೈ ಹಂಗೇ ಇಟ್ಕೊಳ್ಳಿ," ಎಂದು ಅವಳು ಸೂಜಿ ಹಿಡಿದು ಹತ್ತಿರ ಹೋದಳು. ನಾಲ್ಕು ಹೊಲಿಗೆ, ಒಂದು ಗಂಟು. ದಾರವನ್ನು ಹಲ್ಲಿನಿಂದ ಕಡಿದಳು.

ಅಧ್ಯಕ್ಷರು ಗುಂಡಿಯನ್ನು ಎಳೆದು ನೋಡಿದರು. ಗಟ್ಟಿಯಾಗಿತ್ತು. ಆಮೇಲೆ, "ಹೌದಲ್ಲ," ಎಂದರು. "ನಮ್ಮ ಕಚೇರೀಲೂ ಮುಂದೆ ಫೈಲು ತೆರೆದಿಟ್ಟುಕೊಂಡು ಕೂತವರಿಗೆ ನಾನು ಏನೂ ಅಂತಿರಲಿಲ್ಲ. ಅವರನ್ನ ನಿಂತವರ ಲೆಕ್ಕಕ್ಕೇ ಸೇರಿಸ್ತಿದ್ದೆ."

ಸಂಘದ ನಡಾವಳಿಯಲ್ಲಿ ಗುಂಡಿಯ ಪ್ರಸ್ತಾಪವಿಲ್ಲ. ನಿಯಮ ಹದಿನಾಲ್ಕಕ್ಕೆ ಸೇರಿಸಿದ ತಿದ್ದುಪಡಿ ಮಾತ್ರ ಇದೆ: "ಕೈಯಲ್ಲಿ ಕೆಲಸವಿರುವ ಆಟಗಾರರು ಕೂತಿದ್ದರೂ ನಿಂತಂತೆ ಭಾವಿಸತಕ್ಕದ್ದು."

"ನಿಂತಂತೆ ಭಾವಿಸಿದ್ರೆ ನಿಯಮ ಹದಿನೈದಕ್ಕೆ ವಿರುದ್ಧ ಆಗುತ್ತೆ ಸಾರ್," ಎಂದರು ಕಾರ್ಯದರ್ಶಿ, ಪೆನ್ನು ಎತ್ತಿ.

ಅಧ್ಯಕ್ಷರು ಯೋಚಿಸಿದರು. ಕಾರ್ಯದರ್ಶಿಗೆ ಅವರೇ ಹೇಳಿ ಬರೆಸಿದರು: "ಹೀಗೆ ನಿಂತಂತೆ ಭಾವಿಸಲಾದವರು ಕೂತೇ ಇರತಕ್ಕದ್ದು."

ಟೈಲರಮ್ಮನ ಸೊನ್ನೆ ಸೊನ್ನೆಯಾಗಿಯೂ ಸರ್ವೆಯರರ ನಾಲ್ಕು ನಾಲ್ಕಾಗಿಯೂ ಉಳಿಯಿತು. ಅವಳು ಸೋಲಲಿಲ್ಲ. ಗೆಲ್ಲಲೂ ಇಲ್ಲ. ಸರ್ವೆಯರರು ದಾರ ಬಿಚ್ಚಿ ಅಳತೆ ಮುಂದುವರಿಸಿದರು.

ಇದಾದ ಮೇಲೆ ಒಂದೊಂದೇ ತೊಡಕು ಬಂದು, ಒಂದೊಂದೇ ತಾನಾಗಿ ಬಿಡಿಸಿಕೊಂಡಿತು. ಗುರುವಾರ ಮಧ್ಯಾಹ್ನ ಚೀಲದಲ್ಲಿದ್ದ ಬಟ್ಟೆ ಮುಗಿಯಿತು. ಕೆಲಸವಿಲ್ಲದಿದ್ದರೆ ಟೈಲರಮ್ಮ ಕೂತಂತೆ. ಕೂತರೆ ಗಂಟೆಯಲ್ಲಿ ಪಂದ್ಯ ಮುಗಿದು, ಸಂಘದ ನಿಷ್ಪಕ್ಷಪಾತತೆಗೆ ಮಸಿ ಬಳಿದಂತಾಗುತ್ತದೆ. ಆದ್ದರಿಂದ ಅವಳಿಗೆ ಕೆಲಸ ಒದಗಿಸುವುದು ಸಂಘದ ಕರ್ತವ್ಯವೆಂದು ಸಮಿತಿ ಒಪ್ಪಿತು. ಕಾರ್ಯದರ್ಶಿ ಮನೆಗೆ ಓಡಿ ತಮ್ಮ ಪರದೆಗಳನ್ನೆಲ್ಲ ಕಿತ್ತು ತಂದರು. ಫಲಕದ ಮೇಲೆ ಪ್ರಕಟಣೆ ಬಿತ್ತು: "ಫೈನಲ್ ಪಂದ್ಯದ ಮೂರನೇ ದಿನ. ಪ್ರವೇಶ ಉಚಿತ. ಪ್ರೇಕ್ಷಕರು ಬರಿಗೈಯಲ್ಲಿ ಬರಕೂಡದು. ತಂದ ಬಟ್ಟೆಗೆ ಹೆಸರಿನ ಚೀಟಿ ಪಿನ್ ಮಾಡಿರತಕ್ಕದ್ದು."

ಜನ ಬಂದರು. ಪಂದ್ಯಕ್ಕೆ ಈ ಮೊದಲು ಇಪ್ಪತ್ತು ಜನ ಬಂದದ್ದೇ ದಾಖಲೆಯಾಗಿತ್ತು. ಈಗ ಬೆಳಿಗ್ಗೆ ಒಂಬತ್ತಕ್ಕೇ ಬಾಗಿಲಲ್ಲಿ ಸಾಲು. ಸೊಂಟ ಸಡಿಲವಾದ ಪ್ಯಾಂಟು, ತೋಳು ಉದ್ದವಾದ ಅಂಗಿ, ಜಿಪ್ಪು ಕೆಟ್ಟ ಚೀಲ. ಕಾಯುವ ಹೊತ್ತಿನಲ್ಲಿ ಅವರು ಸರ್ವೆಯರರನ್ನು ನೋಡುತ್ತಿದ್ದರು. "ಇವತ್ತು ಬಗ್ತಾರಾ?" "ಬಗ್ಗಲ್ಲ ಬಿಡಿ, ಇನ್ನೂ ಎಡಗಡೆ ಅಳತೆ ಆಗಿಲ್ಲ." ನಿಧಾನದ ಆಟ ಒಳ್ಳೆಯದೋ ಕೆಟ್ಟದ್ದೋ ಎಂದು ಮೊದಮೊದಲು ಜೋರು ವಾದಗಳಾಗುತ್ತಿದ್ದವು. ಬಟ್ಟೆ ಕೊಟ್ಟವರು ಒಳ್ಳೆಯದೆನ್ನುತ್ತಿದ್ದರು, ಬಟ್ಟೆ ವಾಪಸ್ ತೆಗೆದುಕೊಂಡವರು ಕೆಟ್ಟದ್ದೆನ್ನುತ್ತಿದ್ದರು.

ಎರಡನೇ ವಾರ ಸರ್ವೆಯರರಿಗೆ ಮಧ್ಯಾಹ್ನದ ಹೊತ್ತು ತೂಕಡಿಕೆ ಬರತೊಡಗಿತು. ಕೋಲಿಗೆ ಒರಗಿ ನಿಂತೇ ನಿದ್ದೆ ಹೋಗಿ ಒಮ್ಮೆ ಮುಗ್ಗರಿಸಿದರು. ಸಮಿತಿ ಸೇರಿ, ಪಂದ್ಯ ಮುಗಿಯುವವರೆಗೆ ಮಾತ್ರ ಎಂಬ ಷರತ್ತಿನ ಮೇಲೆ, ಕಿಟಕಿಯ ಕೋಣೆಯನ್ನು "ಯೋಚನಾ ಕೊಠಡಿ" ಎಂದು ಅವರಿಗೆ ಬಿಟ್ಟುಕೊಟ್ಟಿತು. ಒಂದರಿಂದ ನಾಲ್ಕರವರೆಗೆ ಅವರು ಒಳಗೆ ಯೋಚಿಸುತ್ತಿದ್ದರು. ಯೋಚನೆಯ ಸದ್ದು ಹೊರಗೆ ಕೇಳುತ್ತಿತ್ತು.

"ನೋಡೇ, ಕೊನೆಗೂ ಕೋಣೆ ಅವನಿಗೇ ಕೊಟ್ರು," ಎಂದು ಅತ್ತೆ ಹಲ್ಲು ಕಡಿದಳು. "ನಿನ್ನ ಕಿಟಕಿ ಹೋಯ್ತು."

ಟೈಲರಮ್ಮ ತಲೆ ತಗ್ಗಿಸಿ ಒಂದು ಕೋಟಿನ ಬಟ್ಟೆಯನ್ನು ಹರಡಲು ಜಾಗ ಹುಡುಕಿದಳು. ಪಕ್ಕದ ಎರಡನೇ ಮೇಜು ಖಾಲಿಯಿತ್ತು. ಫೈನಲ್ ನಡೆಯುವಾಗ ಅಲ್ಲಿ ಯಾರೂ ಆಡಕೂಡದೆಂಬ ನಿಯಮವಿತ್ತು. ಅದರ ಮೇಲೊಂದು ಹಲಗೆ ಹಾಕಿ ಬಟ್ಟೆ ಹರಡಿದಳು. ಒಂಬತ್ತು ಅಡಿ ಉದ್ದ, ಕಲ್ಲಿನ ಹಾಸು, ಎಲ್ಲೂ ಒಂದು ಕೂದಲೆಳೆಯಷ್ಟು ಏರಿಳಿತವಿಲ್ಲ. ಮೇಲೆ ನೇರಕ್ಕೆ ಮೂರು ದೀಪ, ನೆರಳೇ ಬೀಳದಂತೆ. ಹೊಲಿಗೆ ಕಲಿತಾಗಿನಿಂದ ನೆಲದ ಮೇಲೆ ಮೊಣಕಾಲೂರಿ ಬಟ್ಟೆ ಕತ್ತರಿಸಿದವಳು ಅವತ್ತು ನೆಟ್ಟಗೆ ನಿಂತು ಕತ್ತರಿಸಿದಳು. ಕತ್ತರಿ ನೀರಿನಲ್ಲಿ ದೋಣಿ ಹೋದಂತೆ ಹೋಯಿತು.

"ಕಿಟಕಿ ಇಟ್ಕೊಳ್ಳಲಿ ಬಿಡಿ ಅತ್ತೆ," ಎಂದಳು, ಕತ್ತರಿಸಿ ಮುಗಿಸಿದ ಮೇಲೆ.

ತಿಂಗಳೊಳಗೆ ಹಾಲ್‌ನ ಗೋಡೆಗೆ ಇಸ್ತ್ರಿ ಪೆಟ್ಟಿಗೆ ಬಂತು, ಮೂಲೆಗೆ ಕನ್ನಡಿ ಬಂತು. ಪೂಲ್ ಕೋಲುಗಳನ್ನು ಎರಡು ಮೊಳೆಗಳ ನಡುವೆ ಅಡ್ಡ ಇಟ್ಟು ಹೊಲಿದ ಬಟ್ಟೆ ನೇತು ಹಾಕಲಾಯಿತು. ಟೈಲರಮ್ಮನ ಸ್ವಂತ ಕೋಲು ಒಂದೇ ಸಲಕ್ಕೆ ಹನ್ನೊಂದು ಅಂಗಿಯ ಭಾರ ತಡೆಯುತ್ತಿತ್ತು. ಈರುಳ್ಳಿಯ ವಾಸನೆ ಹೋಯಿತು. ಕೋಟು ವಾಪಸ್ ಕೊಟ್ಟಿದ್ದ ಮದುಮಗ ಅದೇ ಕೋಟನ್ನು ಮತ್ತೆ ಕೊಂಡುಹೋದ. ಶಾಲೆಯೊಂದು ನಲವತ್ತೆರಡು ಸಮವಸ್ತ್ರಗಳ ಕೆಲಸ ಕೊಟ್ಟಿತು. ಅಧ್ಯಕ್ಷರದೊಂದು ಕೋಟು, ಕಾರ್ಯದರ್ಶಿಯವರದು ಎರಡು ಪ್ಯಾಂಟು ಕೆಲಸದಲ್ಲಿದ್ದವು. ಖಜಾಂಚಿಯವರ ಹೆಸರಿನಲ್ಲೂ ಒಂದು ಅಂಗಿ ಬಂದಿತ್ತು, ಅಧ್ಯಕ್ಷರ ಅಳತೆಯದು.

ಅರವತ್ತಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರ್ವೆಯರರು ದಾರದ ಉಂಡೆಯನ್ನು ಸುತ್ತಿ ಜೇಬಿಗೆ ಹಾಕಿದರು. ಪುಸ್ತಕ ಮುಚ್ಚಿದರು. ಕೋಲಿಗೆ ಸುಣ್ಣ ಹಚ್ಚಿ, ಮೇಜಿನ ಮೇಲೆ ಬಾಗಿದರು.

ಅವರು ಯೋಚಿಸಿ ಮುಗಿಸಿದ್ದರು. ಯೋಚನೆ ಎನ್ನುವುದು ಮುಗಿಯುವ ವಸ್ತು ಎಂದು ಅಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ.

ಮೆಷಿನ್ನಿನ ಸದ್ದು ನಿಂತಿತು. ಇಸ್ತ್ರಿ ನಿಂತಿತು. ಸಾಲಿನಲ್ಲಿದ್ದವರು ತಮ್ಮ ತಮ್ಮ ಪ್ಯಾಂಟುಗಳನ್ನು ಎದೆಗೆ ಒತ್ತಿ ಹಿಡಿದರು. ಕೋಲಿನ ತುದಿ ಬಿಳಿ ಚೆಂಡಿನ ಹಿಂದೆ ಹಿಂದಕ್ಕೂ ಮುಂದಕ್ಕೂ ಆಡತೊಡಗಿತು. ಒಂಬತ್ತು ಬಿದ್ದರೆ ಅವರಿಗೆ ಐದಾಗುತ್ತದೆ, ಪಂದ್ಯ ಮುಗಿಯುತ್ತದೆ, ಹಲಗೆ ಎತ್ತಬೇಕಾಗುತ್ತದೆ. ಟೈಲರಮ್ಮನ ಮನಸ್ಸು ಆಗಲೇ ನಲವತ್ತೆರಡು ಸಮವಸ್ತ್ರಗಳನ್ನು ಹೊತ್ತು ಒಲೆಯ ಪಕ್ಕಕ್ಕೆ ಹೋಗಿ ನಿಂತಿತ್ತು.

ಆ ಚೆಂಡು ಎರಡು ತಿಂಗಳಿಂದ ಅಲ್ಲೇ ಇತ್ತು. ಅದನ್ನು ನೋಡಿದಾಗಲೆಲ್ಲ ಮೊದಮೊದಲು ಅವಳ ಬೆರಳು ತುರಿಸುತ್ತಿತ್ತು. ತಾನೇ ಎದ್ದು ಹೋಗಿ ತಳ್ಳಿಬಿಡಬೇಕೆನಿಸುತ್ತಿತ್ತು. ಈಗಲೂ ಒಂದು ಕ್ಷಣ ತುರಿಸಿತು. ಅವಳು ಆ ಬೆರಳುಗಳಿಂದ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿದಳು.

"ತಡೀರಿ!" ಎಂದಳು. "ದೂರು ಇದೆ."

ಸರ್ವೆಯರರು ಬಾಗಿದವರು ಬಾಗಿದಂತೆಯೇ ನಿಂತರು.

"ಯಾವ ದೂರಮ್ಮ?" ಎಂದರು ಕಾರ್ಯದರ್ಶಿ.

"ಅವಸರದ ಆಟ."

ಅವಳು ಎರಡು ಪ್ರತಿಯಲ್ಲಿ ಬರೆದಳು. "ಮಾನ್ಯ ಅಧ್ಯಕ್ಷರಿಗೆ. ನನ್ನ ಎದುರಾಳಿಯವರು ಅರವತ್ತೆರಡು ದಿನ ಘನತೆಯಿಂದ ನಡೆದುಕೊಂಡು, ಇವತ್ತು ಬೆಳಿಗ್ಗೆ ಯಾವ ಮುನ್ಸೂಚನೆಯೂ ಇಲ್ಲದೆ, ಹತ್ತೇ ನಿಮಿಷದಲ್ಲಿ ಬಗ್ಗಿ ಕೋಲು ಆಡಿಸಿರುತ್ತಾರೆ. ಇದರಿಂದ ನನ್ನ ಏಕಾಗ್ರತೆಗೂ ಪ್ರೇಕ್ಷಕರ ಬಟ್ಟೆಗೂ ಧಕ್ಕೆಯಾಗಿರುತ್ತದೆ." ಕೆಳಗೆ ಅತ್ತೆ ಹೆಬ್ಬೆಟ್ಟು ಒತ್ತಿದಳು. ಅವಳಿಗೆ ಸಹಿ ಮಾಡಲು ಬರುತ್ತಿತ್ತು, ಆದರೆ ಹೆಬ್ಬೆಟ್ಟಿಗೆ ತೂಕ ಹೆಚ್ಚೆಂದು ಅವಳ ನಂಬಿಕೆ.

"ಎಂಥಾ ಮಾತಮ್ಮ ಇದು!" ಸರ್ವೆಯರರು ಸೊಂಟ ಹಿಡಿದುಕೊಂಡು ಮೇಲೆದ್ದರು. "ನಲವತ್ತು ವರ್ಷ ಸೇವೆ ಮಾಡಿದೀನಿ. ಲಂಚದ ದೂರು ಬಂದಿದೆ, ಕಲ್ಲು ಕಿತ್ತ ದೂರು ಬಂದಿದೆ. ಅವಸರದ ದೂರು ಒಂದೂ ಬಂದಿಲ್ಲ. ಮೂರು ಸಲ ಅಳೆದೇ ನಾನು ಬಗ್ಗಿದ್ದು!"

"ಎಡದಿಂದ ಮೂರು ಸಲ," ಎಂದಳು ಟೈಲರಮ್ಮ ತಣ್ಣಗೆ. "ಬಲದಿಂದ ಎರಡೇ ಸಲ. ನಾನು ಇಲ್ಲೇ ಕೂತಿದ್ದೆನಲ್ಲ ಸಾರ್, ಎಣಿಸಿದೀನಿ."

ಸರ್ವೆಯರರು ಪುಸ್ತಕ ತೆರೆದರು. ಪುಟ ತಿರುವಿದರು. ಅವರ ಮುಖದ ಬಣ್ಣ ಇಳಿಯಿತು.

ಸಮಿತಿ ಸೇರುವ ಅಗತ್ಯವೇ ಬೀಳಲಿಲ್ಲ. ಅಧ್ಯಕ್ಷರು ಕನ್ನಡಿಯ ಮುಂದೆ ನಿಂತಿದ್ದರು, ಹೊಸ ಕೋಟಿಗೆ ಒಂದೇ ತೋಳು ಜೋಡಿಸಿಯಾಗಿತ್ತು. ಅವರು ಆ ಒಂದು ತೋಳಿನ ಕೈಯನ್ನೇ ಎತ್ತಿ ತೀರ್ಪು ಹೇಳಿದರು: "ಆಟಗಾರರು ಸಾಕಷ್ಟು ಯೋಚಿಸದೆ ಆಡಲು ಹೊರಟದ್ದು ರುಜುವಾತಾಗಿದೆ. ಹಿರಿಯರೆಂಬ ಕಾರಣಕ್ಕೆ ಶಿಕ್ಷೆ ಇಲ್ಲ, ಎಚ್ಚರಿಕೆ ಮಾತ್ರ. ಯೋಚನೆಯನ್ನು ಮೊದಲಿನಿಂದ ಆರಂಭಿಸತಕ್ಕದ್ದು."

"ಮೊದಲಿನಿಂದ ಅಂದ್ರೆ ಭಾವ, ಎಡದಿಂದಾನೂ?"

"ಎರ್ಡೂ ಕಡೆಯಿಂದ ಕಣಯ್ಯಾ. ಮಧ್ಯಾಹ್ನದ ಯೋಚನೇನೂ ಸೇರಿಸಿ."

ಸರ್ವೆಯರರು ಒಂದು ಗಳಿಗೆ ಕಿಟಕಿಯ ಕೋಣೆಯ ಕಡೆ ನೋಡಿದರು. ಆಮೇಲೆ ಟೈಲರಮ್ಮನ ಹತ್ತಿರ ಬಂದು, ಕಣ್ಣಂಚು ಒರೆಸಿಕೊಂಡು, "ನೀವು ಹೇಳದಿದ್ರೆ ತಪ್ಪು ಮಾಡಿಬಿಡ್ತಿದ್ದೆ ತಾಯಿ," ಎಂದರು. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಪಿನ್ ಮಾಡಿದ ಚೀಟಿಗಳು ಉದುರಿ, ಯಾರ ಪ್ಯಾಂಟು ಯಾರದೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಆ ವರ್ಷದ ಕ್ರೀಡಾ ಮನೋಭಾವದ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿ ಕೊಡಲಾಯಿತು.

ಮುಂದಿನ ಪಂದ್ಯಾವಳಿಗೆ ಅರ್ಜಿ ಕರೆದಾಗ ಸಂಘಕ್ಕೆ ಐವತ್ತೇಳು ಅರ್ಜಿಗಳು ಬಂದವು. ಕೈಗಡಿಯಾರ ರಿಪೇರಿಯವನದೊಂದು, ಚಪ್ಪಲಿ ಹೊಲಿಯುವವನದೊಂದು, ಮನೆಪಾಠ ಹೇಳುವ ಮೇಷ್ಟ್ರದೊಂದು. ಎಲ್ಲರೂ ಕೋರಿದ್ದು ಒಂದನ್ನೇ: ಎದುರಾಳಿಯಾಗಿ ಸರ್ವೆಯರರೇ ಬೇಕು. ಅಷ್ಟು ಬೇಡಿಕೆಯನ್ನು ಒಬ್ಬರೇ ಪೂರೈಸಲಾರರೆಂದು, ಜಮೀನು ಅಳೆಯುವ ಕಚೇರಿಯಿಂದ ನಿವೃತ್ತರಾಗಲಿರುವವರ ಪಟ್ಟಿಯನ್ನು ಕಾರ್ಯದರ್ಶಿ ತರಿಸಿಕೊಂಡರು.

ಕ್ಷೌರಿಕನೊಬ್ಬ ಅರ್ಜಿ ಕೊಡಲು ತನ್ನ ತಿರುಗುವ ಕುರ್ಚಿಯ ಸಮೇತ ಬಂದಿದ್ದ. ಅದನ್ನು ಬಾಗಿಲ ಬಳಿ ಇಳಿಸಿ, ಕತ್ತರಿಸುವ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಅಕ್ಕಾ, ಈ ಪೂಲ್ ಆಟ ಕಲಿಯೋಕೆ ಎಷ್ಟು ದಿನ ಬೇಕು?"

ಟೈಲರಮ್ಮ ಸಮವಸ್ತ್ರದ ಕಾಲರು ತಿರುಗಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಆಟಾನಾ?" ಎಂದಳು. "ಅದನ್ನ ಯಾಕಪ್ಪಾ ಕಲೀತೀಯ?"